ಜೇಬಿರುವ ನೈಟಿ

ಸೆಪ್ಟೆಂಬರ್ 12, ಶುಕ್ರವಾರ. ರುವೈಸ್, ಅಬುಧಾಬಿ

ಆಸ್ಪತ್ರೆಯಿಂದ ಮನೆಗೆ ಬಂದೆ. ಬಲಗಾಲಿನ ಎಲುಬು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಹೊರಗಿನಿಂದ ಉಕ್ಕಿನ ಬಳೆಗಳನ್ನು ಸುತ್ತಿ, ಅವುಗಳಿಂದ ಕಂಬಿಗಳನ್ನು ಎಲುಬಿಗೆ ತೂರಿಸಿ ಬಿಗಿದಿದ್ದಾರೆ. ನಮ್ಮ ರಿಫೈನರಿಯ ಪೈಪುಗಳಿಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿದ ಹಾಗೆ ಕಾಣುತ್ತದೆ. ಡಿಸೆಂಬರ್‌ವರೆಗೆ ಹೀಗೇ ಇರಬೇಕಂತೆ. ಮಲಗಿದಲ್ಲಿ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ.

ಸೇಫ್ಟಿ ಸೂಪರ್‌ವೈಸರ್ ಆದವನು ತನ್ನ ಅಪಘಾತದ ವರದಿಯನ್ನಾದರೂ ಸರಿಯಾಗಿ ಬರೆಯಬೇಕು. ಸ್ಥಳ: ನಮ್ಮ ಫ್ಲ್ಯಾಟಿನ ಮಲಗುವ ಕೋಣೆ. ಘಟನೆ: ಕಪಾಟಿನ ಮೇಲಿನ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಲು ಹೋಗಿ ಬಿದ್ದದ್ದು. ಉಪಕರಣ: ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಹತ್ತಬಾರದು, ಏಣಿಯನ್ನೇ ಬಳಸಬೇಕು ಎಂದು ಇಡೀ ಪ್ಲಾಂಟಿಗೆ ವರ್ಷಗಟ್ಟಲೆ ಭಾಷಣ ಮಾಡಿದವನು ನಾನೇ. ಹಾಗಾಗಿ ಆಫೀಸಿನವರಿಗೆ ಏಣಿಯಿಂದ ಬಿದ್ದೆ ಎಂದು ಹೇಳಿದ್ದೇನೆ. ಮೂಲ ಕಾರಣ: ನೈಟಿ.

ಹೌದು, ಪೆಟ್ಟಿಗೆ ತುಂಬ ನೈಟಿ. ನನ್ನ ಹೆಂಡತಿ ಜಲಜಾಕ್ಷಿಯ ವ್ಯಾಪಾರ. ಉಡುಪಿಯಿಂದ ಅವಳ ಅಕ್ಕ ಬಟ್ಟೆ ಕಳಿಸುವುದು, ಮದೀನತ್ ಜಾಯೆದ್‌ನಲ್ಲಿ ಅಂಗಡಿ ಇಟ್ಟಿರುವ ಟೈಲರ್ ಜಸೀಲ ಹೊಲಿದು ಕೊಡುವುದು, ಇವಳು ನಮ್ಮ ಕಾಲೊನಿಯ ಹೆಂಗಸರಿಗೆ ಮಾರುವುದು. ಕಂಪನಿ ಕೊಟ್ಟ ಮನೆಯಲ್ಲಿ ವ್ಯಾಪಾರ ಮಾಡಬಾರದೆಂದು ನಿಯಮವಿದೆ. ನಿಯಮ ಪಾಲಿಸಿ ಎಂದು ಊರಿಗೆಲ್ಲ ಹೇಳುವವನ ಹೆಂಡತಿ ನೈಟಿ ಮಾರುತ್ತಾಳೆಂದರೆ ನನ್ನ ಮರ್ಯಾದೆ ಏನಾಗಬೇಕು? ಸರಕು ಇನ್ನೂ ಎಷ್ಟು ಉಳಿದಿದೆ ಎಂದು ನೋಡಲು ಕುರ್ಚಿ ಹತ್ತಿದ್ದು. ನಾನು ಬಿದ್ದಾಗ ಪೆಟ್ಟಿಗೆಗಳೂ ನನ್ನ ಮೇಲೆಯೇ ಬಿದ್ದು ಬಿಚ್ಚಿಕೊಂಡವು. ಆಂಬ್ಯುಲೆನ್ಸಿನವರು ನೈಟಿಗಳ ರಾಶಿಯೊಳಗಿನಿಂದ ನನ್ನನ್ನು ಹುಡುಕಿ ತೆಗೆದರು.

ಆಸ್ಪತ್ರೆಯ ಹಾಸಿಗೆಯಲ್ಲೇ ಅವಳಿಗೆ ಹೇಳಿಬಿಟ್ಟೆ. "ಡಿಸೆಂಬರ್ ಕೊನೆಗೆ ಈ ಅಂಗಡಿ ಬಂದ್. ಖಲಾಸ್."

"ಆಯ್ತು. ಈಗ ಗಂಜಿ ತಿನ್ನಿ," ಎಂದಳು.

ಸೆಪ್ಟೆಂಬರ್ 14, ಭಾನುವಾರ

ಇಂದು ಆದದ್ದನ್ನು ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ಪ್ಯಾಂಟು ಈ ಉಕ್ಕಿನ ಬಳೆಗಳನ್ನು ದಾಟಿ ಏರುವುದಿಲ್ಲ. ಚಡ್ಡಿಯೂ ಅಷ್ಟೇ. ಉಳಿದದ್ದು ಪಂಚೆ. ಕಟಪಾಡಿಯಲ್ಲಿ ಹುಟ್ಟಿದವನಿಗೆ ಪಂಚೆ ಉಡಲು ಯಾರೂ ಕಲಿಸಬೇಕಾಗಿಲ್ಲ. ಆದರೆ ಪಂಚೆಗೆ ಕೈ ಬೇಕು. ಸಡಿಲವಾದಾಗಲೆಲ್ಲ ಬಿಚ್ಚಿ ಮತ್ತೆ ಬಿಗಿಯಬೇಕು. ನನ್ನ ಎರಡು ಕೈಗಳೂ ವಾಕರಿನ ಮೇಲಿವೆ. ಬೆಲ್ಟು ಕಟ್ಟೋಣವೆಂದರೆ ಬಿದ್ದಾಗ ಸೊಂಟಕ್ಕೂ ಪೆಟ್ಟಾಗಿದೆ, ಅಲ್ಲಿ ಏನನ್ನೂ ಬಿಗಿಯುವ ಹಾಗಿಲ್ಲ.

ಸಂಜೆ ಅಬೂಬಕ್ಕರ್ ಮತ್ತು ಅವನ ಹೆಂಡತಿ ಫರ್ಝಾನ ನೋಡಲು ಬಂದರು. ನಮ್ಮ ಮೇಲಿನ ಮನೆಯವರು, ಉಳ್ಳಾಲದ ಕಡೆಯವರು. ಅವನು ನಮ್ಮ ಪ್ಲಾಂಟಿನಲ್ಲೇ ಶಿಫ್ಟ್ ಇಂಜಿನಿಯರ್. ಮನೆಗೆ ಬಂದವರ ಮರ್ಯಾದೆಗೆಂದು ಎದ್ದು ನಿಂತೆ. ಏಳುವಾಗಲೇ ಗಂಟು ಜಾರಿದ್ದು ಗೊತ್ತಾಯಿತು. ಒಂದು ಕೈ ತೆಗೆದರೆ ನಾನು ಬೀಳುತ್ತೇನೆ, ತೆಗೆಯದಿದ್ದರೆ ಪಂಚೆ ಬೀಳುತ್ತದೆ. ಹಿಡಿತ ಬಿಡಬಾರದು ಎಂಬುದು ನಾನು ಎಲ್ಲರಿಗೂ ಕಲಿಸುವ ಮೊದಲ ಪಾಠ. ನಾನು ಹಿಡಿತ ಬಿಡಲಿಲ್ಲ.

ಪಂಚೆ ನಿಧಾನವಾಗಿ ಇಳಿಯಿತು. ಫರ್ಝಾನ ಗೋಡೆಯ ಗಡಿಯಾರವನ್ನು ನೋಡತೊಡಗಿದಳು. ಅಬೂಬಕ್ಕರನೂ ಅತ್ತ ತಿರುಗಿ, "ಒಳ್ಳೆ ಗಡಿಯಾರ ಮಾರಾಯ್ರೆ, ಎಲ್ಲಿ ತಗೊಂಡದ್ದು?" ಎಂದ. ಜಲಜಾಕ್ಷಿ ಅಡುಗೆಮನೆಯಿಂದ ಓಡಿಬಂದು ಚಿಕ್ಕ ಮಕ್ಕಳಿಗೆ ಉಡಿಸುವ ಹಾಗೆ ಉಡಿಸಿದಳು. ಚಹಾ ಕುಡಿದು ಹೋಗುವವರೆಗೂ ನಾವು ಗಡಿಯಾರದ ಬಗ್ಗೆಯೇ ಮಾತಾಡಿದೆವು.

ಸೆಪ್ಟೆಂಬರ್ 16, ಮಂಗಳವಾರ

ಅಬೂಬಕ್ಕರ್ ಒಂದು ಹೊಸ ಕಂದೂರ ತಂದುಕೊಟ್ಟ, ಇಲ್ಲಿನ ಅರಬರು ಹಾಕುವ ಬಿಳಿ ನಿಲುವಂಗಿ. ಒಳ್ಳೆಯ ಮನುಷ್ಯ. ಹಾಕಿ ಕನ್ನಡಿ ನೋಡಿದೆ, ಗಂಭೀರವಾಗಿಯೇ ಕಾಣುತ್ತಿದ್ದೆ. ಆದರೆ ಕೆಳಗೆ ಅಗಲ ಸಾಲದು. ಕಂಬಿಗೆ ಸಿಕ್ಕಿಕೊಂಡು ಒಂದು ಹೆಜ್ಜೆಯೂ ಇಡಲಾಗಲಿಲ್ಲ.

ಜಲಜಾಕ್ಷಿ ಪೆಟ್ಟಿಗೆಯಿಂದ ಒಂದನ್ನು ತಂದು ಹಾಸಿಗೆಯ ಮೇಲೆ ಹರಡಿದಳು. ಕುಂಕುಮದ ಬಣ್ಣ. ಅಂಗೈಯಗಲದ ಹಳದಿ ಹೂಗಳು. ಎದೆಯ ಮೇಲೆ ಲೇಸು.

"ಇದು ಎಂತದ್ದು?"

"ಎಂತದ್ದು ಅಂತ ನಿಮಗೆ ಗೊತ್ತುಂಟು. ಡಬಲ್ ಎಕ್ಸೆಲ್. ಕೆಳಗೆ ಅಗಲ ಜಾಸ್ತಿ ಉಂಟು, ಕಂಬಿ ಎಲ್ಲ ಒಳಗೆ ಹೋಗ್ತದೆ. ಭುಜದಿಂದ ನೇತಾಡ್ತದೆ, ಬೀಳುವ ಪ್ರಶ್ನೆಯೇ ಇಲ್ಲ."

"ಸತ್ತರೂ ಇದನ್ನು ಹಾಕುವುದಿಲ್ಲ ನಾನು."

"ಸಾಯುವುದಾದ್ರೂ ಬಟ್ಟೆ ಹಾಕಿ ಸಾಯಿರಿ ಮಾರಾಯ್ರೆ. ನೋಡ್ಲಿಕ್ಕೆ ಬಂದವರು ಪುನಃ ಗಡಿಯಾರ ನೋಡ್ಬೇಕಾ?"

ಹಾಕಿಕೊಂಡೆ. ಮೊದಲು ಎಲ್ಲ ಕಿಟಕಿಯ ಪರದೆ ಎಳೆಸಿದೆ. ಮಧ್ಯಾಹ್ನ ಶಾಲೆಯಿಂದ ಬಂದ ತೃಷಾ ಬಾಗಿಲಲ್ಲೇ ನಿಂತುಬಿಟ್ಟಳು. ಹತ್ತನೇ ಕ್ಲಾಸಿನ ಮಗಳು, ನಾವು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ.

"ಪಪ್ಪ, ಯು ಲುಕ್ ಎಕ್ಸಾಕ್ಟ್‌ಲಿ ಲೈಕ್ ಅಜ್ಜಿ."

ನನ್ನ ತಾಯಿಯನ್ನು ಊರಿನವರೆಲ್ಲ ಸುಂದರಿ ಎನ್ನುತ್ತಿದ್ದರು. ಅದೊಂದು ಸಮಾಧಾನ.

ಸೆಪ್ಟೆಂಬರ್ 17, ಬುಧವಾರ

ಗಾಳಿ ಚೆನ್ನಾಗಿ ಆಡುತ್ತದೆ. ಅಷ್ಟು ಒಪ್ಪುತ್ತೇನೆ. ಹೆಚ್ಚು ಹೇಳುವುದಿಲ್ಲ.

ಸೆಪ್ಟೆಂಬರ್ 21, ಭಾನುವಾರ

ಈ ಉಡುಪಿನ ಅಪಾಯಗಳನ್ನು ದಾಖಲಿಸುವುದು ನನ್ನ ಕರ್ತವ್ಯ.

ಇದಕ್ಕೆ ಜೇಬೇ ಇಲ್ಲ. ವಾಕರ್ ಹಿಡಿದವನು ಫೋನನ್ನು ಎಲ್ಲಿಡಬೇಕು? ಬೆಳಿಗ್ಗೆ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗಿನ ಹಾಲ್‌ವರೆಗೆ ಹೋದೆ. ಅಷ್ಟರಲ್ಲಿ ರಿಂಗಾಗಿ ಹಲ್ಲೆಲ್ಲ ನಡುಗಿತು.

"ನೀನು ಫೋನು ಎಲ್ಲಿಡ್ತಿ?" ಎಂದು ಜಲಜಾಕ್ಷಿಯನ್ನು ಕೇಳಿದೆ.

"ಫ್ರಿಜ್ಜಿನ ಮೇಲೆ."

"ರಿಂಗಾದ್ರೆ?"

"ಓಡ್ತೇನೆ."

"ಬಾಗಿಲಿನ ಕೀ?"

"ಕೈಯಲ್ಲಿ."

"ಎರಡೂ ಕೈಯಲ್ಲಿ ಸಾಮಾನು ಇದ್ರೆ?"

"ಬಾಯಲ್ಲಿ. ನಿಮ್ಮ ಹಾಗೆಯೇ."

ಇಷ್ಟು ವರ್ಷ ಈ ಹೆಂಗಸರು ಹೇಗೆ ಬದುಕಿದರೋ! ನಮ್ಮ ಕೆಲಸಗಾರರಿಗೆ ಯಾರಾದರೂ ಜೇಬಿಲ್ಲದ ಡ್ರೆಸ್ ಕೊಟ್ಟಿದ್ದರೆ ನಾನು ಅಂದೇ ಕೆಲಸ ನಿಲ್ಲಿಸುತ್ತಿದ್ದೆ. ಇನ್ನು ಅಂಚು ಉದ್ದ, ಕಾಲಿಗೆ ತೊಡರುತ್ತದೆ. ತೋಳಿನ ಫ್ರಿಲ್ಲು ಇನ್ನೂ ಅಪಾಯ. ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನೋಡಿದೆ, ಅವಳು ಹಿಂದಿನ ಒಲೆಯ ಪಾತ್ರೆಗೆ ಕೈ ಚಾಚಿದರೆ ಫ್ರಿಲ್ಲು ಮುಂದಿನ ಬೆಂಕಿಯನ್ನು ಸವರಿಕೊಂಡೇ ಹೋಗುತ್ತದೆ. ಅವಳ ಮುಂಗೈಯಲ್ಲಿ ಸುಟ್ಟ ಹಳೆಯ ಗುರುತಿದೆ. ಅದು ಹೇಗಾಯಿತೆಂದು ನನಗೆ ಇಂದು ಗೊತ್ತಾಯಿತು.

ಎಲ್ಲವನ್ನೂ ಅವಳಿಗೆ ವಿವರಿಸಿದೆ. ಅವಳು ಟೇಪು ತಂದು ನನ್ನ ಪಕ್ಕದಲ್ಲಿ ಹಿಡಿದಳು. "ಜೇಬು ಎಷ್ಟು ಕೆಳಗೆ ಬೇಕು?"

"ಕೈ ಇಳಿಸಿದ್ರೆ ಸೀದಾ ಒಳಗೆ ಹೋಗ್ಬೇಕು. ಬಗ್ಗುವ ಹಾಗೆ ಇರಬಾರ್ದು."

ಜಸೀಲಗೆ ಫೋನಿನಲ್ಲಿ ಅಳತೆ ಹೇಳುತ್ತಿದ್ದಳು. ಹಾಗೆಂದು ನನ್ನ ನಿರ್ಧಾರವೇನೂ ಬದಲಾಗಿಲ್ಲ. ಡಿಸೆಂಬರ್ ಕೊನೆ ಎಂದರೆ ಡಿಸೆಂಬರ್ ಕೊನೆ.

ಅಕ್ಟೋಬರ್ 3, ಶುಕ್ರವಾರ

ಜಲಜಾಕ್ಷಿ ಸ್ನಾನಕ್ಕೆ ಹೋದಾಗ ಬೆಲ್ಲಾಯಿತು. ನೀರಿನ ಕ್ಯಾನಿನವನು. ಬಾಗಿಲು ತೆರೆಯುವ ಮುಂಚೆ ಕುರ್ಚಿಯ ಮೇಲೆ ಒಣಗುತ್ತಿದ್ದ ಮೈ ಒರೆಸುವ ಬೈರಾಸನ್ನು ಎಳೆದು ಎದೆಯ ಮೇಲೆ ಹಾಕಿಕೊಂಡೆ. ಬಾಗಿಲು ತೆರೆದ ಮೇಲೆ ಹೊಳೆಯಿತು, ನಾನು ಇದನ್ನು ಯಾಕೆ ಮಾಡಿದೆ? ಅಮ್ಮ ಹೀಗೆ ಮಾಡುತ್ತಿದ್ದಳು. ಅತ್ತಿಗೆ ಮಾಡುತ್ತಾಳೆ, ಜಲಜಾಕ್ಷಿ ಮಾಡುತ್ತಾಳೆ. ನೈಟಿಯ ಮೇಲೆ ಒಂದು ಬೈರಾಸು ಬಿದ್ದರೆ ಯಾರೆದುರಿಗೂ ನಿಲ್ಲಬಹುದು ಎಂದು ನಮ್ಮ ಕಡೆಯ ಲೆಕ್ಕ. ಆ ಲೆಕ್ಕ ನನ್ನ ಕೈಗೆ ಯಾವಾಗ ಬಂತೋ ತಿಳಿಯಲಿಲ್ಲ.

ಅವನು ಏನೂ ಕೇಳಿರಲಿಲ್ಲ. ಆದರೂ, "ಆಸ್ಪತ್ರೆಯ ಗೌನು," ಎಂದು ಹಿಂದಿಯಲ್ಲಿ ಹೇಳಿದೆ. "ಠೀಕ್ ಹೈ ಸಾಬ್," ಎಂದು ಕ್ಯಾನು ಇಟ್ಟು ಹೋದ.

ಒಳ್ಳೆಯ ಉಪಾಯ ಸಿಕ್ಕಿತೆಂದು ಸಂಜೆ ಅಬೂಬಕ್ಕರನಿಗೂ ಅದನ್ನೇ ಹೇಳಿದೆ. ಅವನು ಬಗ್ಗಿ ನೋಡಿದ. "ಯಾವ ಆಸ್ಪತ್ರೆ ಮಾರಾಯ್ರೆ ಇದು, ಹೂವೆಲ್ಲ ಉಂಟು?"

"ಹೆರಿಗೆ ವಾರ್ಡಿನದ್ದು. ನನ್ನ ಸೈಜು ಬೇರೆಲ್ಲೂ ಇರ್ಲಿಲ್ಲ."

ಅವನು ಮತ್ತೆ ಗಡಿಯಾರ ನೋಡಿದ.

ಅಕ್ಟೋಬರ್ 11, ಶನಿವಾರ

ಜಸೀಲ ಜೇಬಿರುವ ನೈಟಿಗಳ ಮೊದಲ ಕಟ್ಟು ಕಳಿಸಿದಳು. ಒಂದನ್ನು ನನ್ನ ಮೇಲೆ ಪರೀಕ್ಷಿಸಲಾಯಿತು. ಆಕಾಶ ಬಣ್ಣ, ಮೈತುಂಬ ಗಿಳಿಗಳು. ತೋಳು ಗಿಡ್ಡ, ಅಂಚು ಪಾದಕ್ಕಿಂತ ಮೇಲೆ, ಬಲಗಡೆ ಆಳವಾದ ಜೇಬು. ಫೋನು, ಕನ್ನಡಕ, ಮಾತ್ರೆಯ ಚೀಟಿ, ಒಂದು ಚಕ್ಕುಲಿ, ಎಲ್ಲವೂ ಹಿಡಿಯಿತು.

ಹತ್ತು ಗಂಟೆಗೆ ಗಿರಾಕಿಗಳು ಬಂದರು. ನಾನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡೆ. ಒಬ್ಬಾಕೆಗೆ ತೋಳು ಗಿಡ್ಡವಾದದ್ದು ಹಿಡಿಸಲಿಲ್ಲ. ಫ್ರಿಲ್ಲು ಇದ್ದರೆ ಚಂದ ಇತ್ತು, ಇದ್ಯಾಕೆ ಹೀಗೆ ಎಂದು ಶುರುಮಾಡಿದಳು. ಜಲಜಾಕ್ಷಿ, "ಈಗ ಇದೇ ಫ್ಯಾಷನ್," ಎಂದಳು. ಎಂಥ ಉತ್ತರ! ತಡೆಯಲಾಗಲಿಲ್ಲ.

"ಫ್ಯಾಷನ್ ಅಲ್ಲ! ಒಲೆಯ ಬೆಂಕಿ ತಾಗಬಾರ್ದು ಅಂತ!" ಎಂದು ಒಳಗಿನಿಂದ ಕೂಗಿದೆ.

ಒಳಗೆ ಯಾರೆಂದು ಒಬ್ಬಾಕೆ ಕೇಳಿದಳು. ಆಮೇಲೆ ಜಲಜಾಕ್ಷಿಯ ದನಿ: "ನಮ್ಮವರು. ಫೋನಲ್ಲಿ ಸೇಫ್ಟಿ ಮೀಟಿಂಗ್ ನಡೀತಾ ಉಂಟು."

ಕಟ್ಟು ಪೂರ್ತಿ ಖಾಲಿಯಾಯಿತು. ನನಗೆ ಸಂತೋಷವೇನೂ ಇಲ್ಲ. ಸರಕು ಮುಗಿದರೆ ಅಂಗಡಿ ಬೇಗ ಮುಚ್ಚಬಹುದು, ಅಷ್ಟೇ.

ಅಕ್ಟೋಬರ್ 12, ಭಾನುವಾರ

ಕಂಬಿಯ ಸುತ್ತ ತುರಿಕೆ. ಯಾರ ಮೇಲೂ ಪ್ರೀತಿ ಇಲ್ಲ.

ಅಕ್ಟೋಬರ್ 25, ಶನಿವಾರ

ಈಗೀಗ ಬೆಳಿಗ್ಗೆ ಅಡುಗೆಮನೆಯಲ್ಲೇ ಕೂರುತ್ತೇನೆ. ಕಾಲು ಚಾಚಲು ಅಲ್ಲಿಯೇ ಅನುಕೂಲ. ಕೂತವನು ಸುಮ್ಮನೆ ಯಾಕೆ ಇರಬೇಕೆಂದು ಅಲಸಂಡೆ ಹೆಚ್ಚಿಕೊಡುತ್ತೇನೆ. ಕತ್ತಿ ಹಿಡಿಯುವ ಸರಿಯಾದ ಕ್ರಮವನ್ನು ಜಲಜಾಕ್ಷಿಗೆ ತೋರಿಸಿದೆ. ಅವಳು ನೋಡಿ, ನನ್ನ ಕೈಯಿಂದ ಕತ್ತಿ ತೆಗೆದು ತಿರುಗಿಸಿ ಕೊಟ್ಟಳು.

ಮಾತಿಗೆ ಮಾತು ಬಂದು ಕೇಳಿದೆ, "ನಿನಗೆ ಈ ನೈಟಿ ಮಾರುವ ಹುಚ್ಚು ಎಲ್ಲಿಂದ ಹಿಡಿದದ್ದು? ನಾನು ಏನು ಕಡಿಮೆ ಮಾಡಿದ್ದೇನೆ?"

"ಕಡಿಮೆ ಎಂತ ಇಲ್ಲ. ನೀವು ಪ್ಲಾಂಟಿಗೆ, ತೃಷಾ ಶಾಲೆಗೆ. ಹೊರಗೆ ನೋಡಿದ್ರೆ ಮರಳು. ನಾನು ಯಾರ ಹತ್ರ ಮಾತಾಡುವುದು? ನೈಟಿ ಬೇಕು ಅಂತ ಬರ್ತಾರೆ, ಕೂತು ನಾಲ್ಕು ಮಾತಾಡಿ ಹೋಗ್ತಾರೆ. ಜಲಜಕ್ಕ, ಇದು ನನಗೆ ಒಪ್ಪುತ್ತದಾ ಅಂತ ಕೇಳ್ತಾರೆ. ನನ್ನನ್ನು ಒಬ್ರು ಕೇಳುವುದು ಅಂತ ಇದ್ರೆ ಅದು ಇದೊಂದೇ."

ನಾನು ಅಲಸಂಡೆ ಹೆಚ್ಚುವುದನ್ನು ಮುಂದುವರಿಸಿದೆ. ತುಂಬ ಸಣ್ಣಗಾಯಿತು.

ಮಧ್ಯಾಹ್ನ ಇನ್ನೊಂದು ಸುಧಾರಣೆ ಹೊಳೆಯಿತು. ಕತ್ತಲಲ್ಲಿ ನೀರು ಕುಡಿಯಲು ಏಳುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಅಂಚಿಗೆ ಬೆಳಕು ಹೊಳೆಯುವ ಬೆಳ್ಳಿ ಟೇಪು, ನಮ್ಮ ಕೆಲಸಗಾರರ ಜಾಕೆಟ್ಟಿಗಿರುವಂಥದ್ದು. ಕಂಪನಿಯ ಟೇಪನ್ನು ಮನೆಗೆ ತರುವವನು ನಾನಲ್ಲ. ಅಬೂಬಕ್ಕರನ ಕೈಯಲ್ಲಿ ಅಂಗಡಿಯಿಂದ ತರಿಸಿದೆ. ಯಾಕೆಂದು ಅವನು ಕೇಳಲಿಲ್ಲ. ಅವನು ಈಗ ಏನನ್ನೂ ಕೇಳುವುದಿಲ್ಲ.

ನವೆಂಬರ್ 9, ಭಾನುವಾರ

ಜಗಳ.

ಊಟಕ್ಕೆ ಕೂತಾಗ ಜಲಜಾಕ್ಷಿ ಹೇಳಿದಳು. "ಜಸೀಲ ಅವಳ ಅಂಗಡಿಯಲ್ಲಿ ನನ್ನನ್ನು ಪಾರ್ಟ್ನರ್ ಮಾಡ್ತೇನೆ ಅಂತಾಳೆ. ಅವಳ ಹತ್ರ ಲೈಸೆನ್ಸ್ ಉಂಟು, ಕಾಗದಪತ್ರ ಎಲ್ಲ ಸರಿಯಾಗಿ ಮಾಡಿಸುವ ಅಂತ. ಬೋರ್ಡಿನಲ್ಲಿ ನನ್ನ ಹೆಸರೂ ಹಾಕ್ತಾಳಂತೆ. ಮನೆಯಲ್ಲಿ ಮಾರುವುದು ಬಂದ್. ನಿಮ್ಮ ನಿಯಮಕ್ಕೂ ತೊಂದರೆ ಇಲ್ಲ. ನೀವು ಹೂಂ ಅಂದ್ರೆ ಆಯ್ತು."

ನಿಯಮದ ಮಾತು ಅವಳೇ ಎತ್ತಿಬಿಟ್ಟದ್ದರಿಂದ ನನಗೆ ಹಿಡಿಯಲು ಏನೂ ಉಳಿಯಲಿಲ್ಲ. ಇದ್ದದ್ದನ್ನೇ ಹೇಳಿದೆ. "ಬೋರ್ಡಿನಲ್ಲಿ ಹೆಸರು ಬಂದ್ರೆ ಇಡೀ ಪ್ಲಾಂಟಿಗೆ ಗೊತ್ತಾಗ್ತದೆ. ಧರ್ಮಪಾಲನ ಹೆಂಡತಿ ನೈಟಿ ಅಂಗಡಿ ಇಟ್ಟಿದ್ದಾಳೆ ಅಂತ. ಗಂಡಸು ನಾನು, ನನಗೊಂದು ಮರ್ಯಾದೆ ಬೇಡ್ವಾ?"

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ನಾನು ಗಿಳಿಗಳಿರುವುದನ್ನು ಹಾಕಿದ್ದೆ. ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ನವೆಂಬರ್ 12, ಬುಧವಾರ

ಜಸೀಲಗೆ ಆಗುವುದಿಲ್ಲ ಎಂದು ಹೇಳಿದಳಂತೆ. ತೃಷಾ ಮೂಲಕ ನನಗೆ ತಿಳಿಯಿತು. ಗಂಜಿಗೆ ಉಪ್ಪು ಸರಿಯಿದೆ. ಮಾತ್ರೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಮಾತು ಮಾತ್ರ ಬರುವುದಿಲ್ಲ.

ನವೆಂಬರ್ 20, ಗುರುವಾರ

ಯಾರೂ ಬರುವುದಿಲ್ಲ. ಸ್ಟಾಕ್ ಇಲ್ಲ ಎಂದು ಗಿರಾಕಿಗಳಿಗೆಲ್ಲ ಮೆಸೇಜ್ ಹಾಕಿದ್ದಾಳೆ. ಇಡೀ ದಿನ ಎ.ಸಿ.ಯ ಸದ್ದೊಂದೇ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಿದ್ದರೆ ಹೊತ್ತು ಎಷ್ಟು ನಿಧಾನ ಹೋಗುತ್ತದೆ!

ನಾನಾಗಿಯೇ ಮಾತು ತೆಗೆದೆ. "ಕುತ್ತಿಗೆಗೆ ಚಿಕ್ಕ ಕಾಲರ್ ಇಟ್ರೆ ಬೈರಾಸು ಹುಡುಕುವ ಕೆಲಸವೇ ಇಲ್ಲ. ಜಸೀಲಗೆ ಹೇಳಬಹುದಿತ್ತು."

"ಮುಚ್ಚುವ ಅಂಗಡಿಗೆ ಎಂತ ಕಾಲರ್," ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಕೊಡಲು ಗೊತ್ತು.

ತೃಷಾ ಪುಸ್ತಕದಿಂದ ತಲೆ ಎತ್ತಿದಳು. "ಪಪ್ಪ, ಯು ಆರ್ ವೇರಿಂಗ್ ಹರ್ ಬಿಸಿನೆಸ್ ಆಂಡ್ ಕ್ಲೋಸಿಂಗ್ ಇಟ್."

ಮಕ್ಕಳಿಗೆ ದೊಡ್ಡವರ ವಿಷಯ ಅರ್ಥವಾಗುವುದಿಲ್ಲ. ಮನಸ್ಸಿಗೆ ಬಹಳ ಬೇಜಾರಾಗಿದೆ. ಕಾಲರಿನ ಬಗ್ಗೆ.

ಡಿಸೆಂಬರ್ 2, ಮಂಗಳವಾರ

ದೊಡ್ಡ ಘಟನೆ. ಕ್ರಮವಾಗಿ ಬರೆಯುತ್ತೇನೆ.

ರಾಷ್ಟ್ರೀಯ ದಿನದ ರಜೆ. ಹನ್ನೊಂದು ಗಂಟೆಗೆ ಅಬೂಬಕ್ಕರನ ಫೋನು. "ಪ್ರಿಯನ್ ಸರ್ ನಿಮ್ಮನ್ನು ನೋಡ್ಲಿಕ್ಕೆ ಬರ್ತಿದ್ದಾರೆ, ಹೆಂಡತಿ ಸಮೇತ. ನಾನೂ ಸುಜಿತನೂ ಜೊತೆಗಿದ್ದೇವೆ."

"ಯಾವಾಗ?"

"ಲಿಫ್ಟಿನಲ್ಲಿದ್ದೇವೆ ಮಾರಾಯ್ರೆ."

ಪ್ರಿಯನ್ ನಮ್ಮ ಪ್ಲಾಂಟ್ ಮ್ಯಾನೇಜರ್. ಸುಜಿತ್ ನನ್ನ ಕೈಕೆಳಗಿನ ಹೊಸ ಸೇಫ್ಟಿ ಇಂಜಿನಿಯರ್. ನಾನು ಹಾಲ್‌ನ ನಡುವೆ ನಿಂತಿದ್ದೆ, ಕಡುನೀಲಿಯ ನೈಟಿ, ಅಂಚಿಗೆ ಬೆಳ್ಳಿ ಟೇಪು. ಕೋಣೆ ಸೇರುವಷ್ಟು ಬೇಗ ಈ ಕಾಲು ನಡೆಯುವುದಿಲ್ಲ. ಬೈರಾಸೂ ಸಿಗಲಿಲ್ಲ. ತೃಷಾ ಬಾಗಿಲು ತೆರೆದೇಬಿಟ್ಟಳು. ಹೊರಗಿನ ಬೆಳಕು ನೇರವಾಗಿ ಟೇಪಿನ ಮೇಲೆ ಬಿದ್ದು ನನ್ನ ಕೆಳಭಾಗ ಫಳ್ಳೆಂದು ಹೊಳೆಯಿತು. ಸುಜಿತ್ ಕಣ್ಣಿಗೆ ಕೈ ಅಡ್ಡ ಹಿಡಿದ.

"ಆಸ್ಪತ್ರೆಯ ಗೌನು," ಎಂದೆ. ಎಲ್ಲರೂ ತಲೆಯಾಡಿಸಿ ಕೂತರು. ಹಣ್ಣಿನ ಬುಟ್ಟಿ ಕೊಟ್ಟರು. ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಪ್ರಿಯನ್ ಅವರ ಹೆಂಡತಿ ನನ್ನ ಜೇಬನ್ನೇ ನೋಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಯಾವ ಆಸ್ಪತ್ರೆಯಲ್ಲಿ ಕೊಟ್ಟರು? ನನ್ನ ಅಮ್ಮನಿಗೆ ಮಂಡಿ ಆಪರೇಷನ್ ಇದೆ. ಇಂಥದ್ದನ್ನೇ ಅಬುಧಾಬಿಯಿಂದ ದುಬೈವರೆಗೆ ಹುಡುಕಿದೆ. ಎಷ್ಟು ಯೋಚನೆ ಮಾಡಿ ಹೊಲಿದಿದ್ದಾರೆ!"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶರಬತ್ತಿನ ಟ್ರೇ ಹಿಡಿದು ಬಂದ ಜಲಜಾಕ್ಷಿ ಹೇಳಿದಳು, "ಹೌದು ಮೇಡಂ, ಆಸ್ಪತ್ರೆಯವರೇ ಕೊಟ್ಟದ್ದು. ಹೊರಗೆ ಎಲ್ಲೂ ಸಿಗುವುದಿಲ್ಲ." ಒಬ್ಬೊಬ್ಬರಿಗೂ ನಗುತ್ತ ಲೋಟ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ನನ್ನ ಮರ್ಯಾದೆ ಉಳಿಯಿತು. ಉಳಿಸಿದವಳು ಅವಳು. ಆ ಜೇಬಿಗಾಗಿ ಜಸೀಲಳ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಅಳತೆ ಹೇಳಿದವಳು, ಯಾರೋ ಒಬ್ಬರು ಮನಸಾರೆ ಹೊಗಳಿದ ಹೊತ್ತಿಗೆ ಅದು ತನ್ನದಲ್ಲ ಎಂದು ನಗುತ್ತ ಶರಬತ್ತು ಹಂಚುತ್ತಿದ್ದಳು. ನನ್ನ ಪಾಲಿನ ಲೋಟವನ್ನು ನಾನು ತೆಗೆದುಕೊಳ್ಳಲಿಲ್ಲ.

"ಅಲ್ಲ," ಎಂದೆ. "ಇದು ಆಸ್ಪತ್ರೆಯದ್ದಲ್ಲ. ಇದು ನೈಟಿ. ನನ್ನ ಹೆಂಡತಿ ಮಾಡಿಸುವುದು. ಅವಳ ಡಿಸೈನ್."

ಎಲ್ಲರೂ ಸುಮ್ಮನಾದರು. ಸುಮ್ಮನಾದ ಜನರ ಎದುರು ನಿಂತರೆ ನನಗೆ ಗೊತ್ತಿರುವುದು ಒಂದೇ, ಟ್ರೈನಿಂಗ್ ಕೊಡುವುದು. ವಾಕರ್ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿದೆ. ಜೇಬಿನ ಆಳ ತೋರಿಸಿದೆ. ತೋಳು ಯಾಕೆ ಗಿಡ್ಡ, ಅಂಚು ಯಾಕೆ ಮೇಲೆ, ಟೇಪು ಯಾಕೆ, ಎಲ್ಲ ವಿವರಿಸಿದೆ. ಕೊನೆಗೆ ಅಭ್ಯಾಸಬಲದಿಂದ, "ಪ್ರಶ್ನೆಗಳಿದ್ದರೆ ಕೇಳಬಹುದು," ಎಂದೆ.

ಸುಜಿತ್ ಕೈ ಎತ್ತಿದ. "ಸರ್, ಏಣಿಯಿಂದ ಬೀಳುವಾಗ ಇದನ್ನೇ ಹಾಕಿದ್ರಾ?"

ನಿಜ ಹೇಳಲು ಹೊರಟ ಬಾಯಿ ಅಲ್ಲಿಗೇ ನಿಲ್ಲಲಿಲ್ಲ. "ಏಣಿ ಅಲ್ಲ. ಪ್ಲಾಸ್ಟಿಕ್ ಕುರ್ಚಿ."

ಪ್ರಿಯನ್ ಲೋಟ ಕೆಳಗಿಟ್ಟರು. ಅವರ ಮುಖ ಕಪ್ಪಿಟ್ಟಿತು. "ಧರ್ಮಪಾಲ್, ನೈಟಿ ಪರವಾಗಿಲ್ಲ," ಎಂದರು. "ಆದರೆ ಕುರ್ಚಿ? ನೀವು?"

ಹೋಗುವವರೆಗೂ ಅವರು ಅದರಿಂದ ಚೇತರಿಸಿಕೊಳ್ಳಲಿಲ್ಲ. ಅವರ ಹೆಂಡತಿ ಮಾತ್ರ ಜಲಜಾಕ್ಷಿಯ ನಂಬರ್ ತೆಗೆದುಕೊಂಡು, ಅಮ್ಮನ ಅಳತೆಯನ್ನು ಲಿಫ್ಟಿನಿಂದಲೇ ಕಳಿಸಿದರು.

ಬಾಗಿಲು ಹಾಕಿದ ಮೇಲೆ ಜಲಜಾಕ್ಷಿ ಕೇಳಿದಳು. "ಯಾಕೆ ಹೇಳಿದ್ರಿ? ನಾನು ಸುಧಾರಿಸಿದ್ದೆ ಅಲ್ವಾ?"

"ಸುಳ್ಳು ವರದಿ ಕೊಡಬಾರ್ದು."

ಅವಳು ನಗತೊಡಗಿದಳು. ಗೋಡೆ ಹಿಡಿದು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು, ಅದು ನಗುವಿನದ್ದೋ ಏನೋ ಗೊತ್ತಾಗಲಿಲ್ಲ.

"ಆ ಕಾಲರಿನ ವಿಷಯ ಜಸೀಲಗೆ ಹೇಳು," ಎಂದೆ.

"ಯಾವ ಜಸೀಲ?"

"ಎಷ್ಟು ಜನ ಇದ್ದಾರೆ? ನಿನ್ನ ಪಾರ್ಟ್ನರ್."

ನಾನು ಒಪ್ಪಿದ್ದೇನೆಂದು ಇದರ ಅರ್ಥವಲ್ಲ. ಮ್ಯಾನೇಜರರ ಅತ್ತೆಯ ಆರ್ಡರ್ ಇರುವಾಗ ಅಂಗಡಿ ಮುಚ್ಚುವುದು ಸರಿಯಲ್ಲ.

ಡಿಸೆಂಬರ್ 11, ಗುರುವಾರ

ಕಂಬಿ ತೆಗೆದರು. ಪ್ಯಾಂಟು ಹಾಕಿಕೊಂಡೆ. ಸೊಂಟದಲ್ಲಿ ಹಿಡಿಯುತ್ತದೆ, ತೊಡೆಯಲ್ಲಿ ಹಿಡಿಯುತ್ತದೆ, ಕೂತರೆ ಇನ್ನೆಲ್ಲೋ ಹಿಡಿಯುತ್ತದೆ. ಇದನ್ನು ಕಂಡುಹಿಡಿದವನಿಗೆ ಗಂಡಸರ ಮೇಲೆ ಏನು ದ್ವೇಷವಿತ್ತೋ. ಮನೆಗೆ ಬಂದೊಡನೆ ಬದಲಾಯಿಸಿದೆ. ಪಂಚೆ ಇಸ್ತ್ರಿ ಆಗಿರಲಿಲ್ಲ, ಅದಕ್ಕೆ ಗಿಳಿಯದ್ದೇ ಹಾಕಿಕೊಂಡೆ.

ಡಿಸೆಂಬರ್ 27, ಶನಿವಾರ. ಮದೀನತ್ ಜಾಯೆದ್

ಅಂಗಡಿಯ ಹೊಸ ಬೋರ್ಡಿನಲ್ಲಿ ಎರಡು ಹೆಸರುಗಳಿವೆ, ಜಸೀಲ ಮತ್ತು ಜಲಜಾಕ್ಷಿ. ಅರಬಿಯಲ್ಲಿ ಮೇಲೆ, ಇಂಗ್ಲಿಷಿನಲ್ಲಿ ಕೆಳಗೆ. ಅಕ್ಷರ ದೊಡ್ಡದಾಗಿಯೇ ಇದೆ, ರಸ್ತೆಯ ಆಚೆಯಿಂದಲೂ ಓದಬಹುದು. ನಾನು ದಾಟಿ ಹೋಗಿ ಓದಿ ನೋಡಿದೆ.

ಜೇಬು, ಅಂಚು, ಕಾಲರ್ ಎಲ್ಲವನ್ನೂ ಮೈಮೇಲೆ ಪರೀಕ್ಷಿಸಿದವನು ಒಳಗೆ ಹೋಗೋಣವೆಂದರೆ, ಅದು ಲೇಡೀಸ್ ಟೈಲರ್ ಅಂಗಡಿ, ಗಂಡಸರಿಗೆ ಪ್ರವೇಶವಿಲ್ಲ. ನಿಯಮ ನಿಯಮವೇ. ನಾನು, ಅಬೂಬಕ್ಕರ್, ಇನ್ನೂ ಏಳೆಂಟು ಗಂಡಂದಿರು ಪಾರ್ಕಿಂಗಿನಲ್ಲಿ ಕಾರುಗಳಿಗೆ ಒರಗಿ ನಿಂತೆವು. ಹೆಂಗಸರು ಕಟ್ಟು ಕಟ್ಟಾಗಿ ಹೊತ್ತು ಹೊರಬರುತ್ತಿದ್ದರು.

ಪಕ್ಕದ ಪಿಕಪ್ಪಿನಲ್ಲಿ ಹುರಿಮೀಸೆಯ ಒಬ್ಬ ಆಜಾನುಬಾಹು ಪಂಜಾಬಿ ಕೂತಿದ್ದ. ಇಷ್ಟು ಹೊತ್ತು ಒಳಗೆ ಏನು ಸಿಗುತ್ತದೆ ಎಂದು ಹಿಂದಿಯಲ್ಲಿ ಕೇಳಿದ. ನೈಟಿ ಎಂದೆ. ಸುಮ್ಮನೆ ಇದ್ದುಬಿಡಬಹುದಿತ್ತು. ಆದರೆ ಹತ್ತಿ ಬಟ್ಟೆಯ ಗುಣ, ಭುಜದ ಅಳತೆ, ಗಾಳಿ ಆಡುವ ಬಗೆ ಎಲ್ಲವನ್ನೂ ಹೇಳಿಕೊಂಡು ಹೋದೆ. ಅವನು ಜೋರಾಗಿ ನಕ್ಕು, ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದ.

"ಆಪ್ ಕೋ ಕೈಸೇ ಪತಾ, ಭಾಯಿಸಾಬ್?"

ಉಳಿದ ಗಂಡಂದಿರೂ ಇತ್ತ ತಿರುಗಿದರು. ಅಬೂಬಕ್ಕರ್ ನೋಡಲು ಗಡಿಯಾರವಿಲ್ಲದೆ ಆಕಾಶ ನೋಡಿದ. ಹೆಂಡತಿ ಹೇಳಿದ್ದು ಎಂದರೆ ಮುಗಿಯುತ್ತಿತ್ತು.

"ಮೈನೇ ಪಹನಾ ಹೈ," ನಾನೇ ಹಾಕಿದ್ದೇನೆ ಎಂದೆ. "ತೀನ್ ಮಹೀನಾ. ಅಭೀ ಭೀ."

ಅವನ ನಗು ನಿಂತಿತು. ಪಿಕಪ್ಪಿನ ಕಿಟಕಿಯ ಗಾಜು ನಿಧಾನವಾಗಿ ಮೇಲೇರಿತು. ಗಂಡಂದಿರೆಲ್ಲ ತಮ್ಮ ತಮ್ಮ ಫೋನು ನೋಡಿದರು. ಹೋಗಲಿ ಎಂದುಕೊಂಡು ನಾನು ಬೋರ್ಡಿನ ಕಡೆಗೇ ತಿರುಗಿ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಗಾಜು ನಾಲ್ಕು ಬೆರಳಿನಷ್ಟು ಕೆಳಗಿಳಿಯಿತು. "ಭಾಯಿಸಾಬ್," ಎಂದು ಒಳಗಿನಿಂದ ಮೆಲ್ಲನೆ ಕೇಳಿಸಿತು. "ಟ್ರಿಪಲ್ ಎಕ್ಸೆಲ್ ಮಿಲೇಗಾ?"

ಯಾರಿಗೆ ಎಂದು ನಾನು ಕೇಳಲಿಲ್ಲ. ಫೋನಿನಲ್ಲಿ ಜಲಜಾಕ್ಷಿಗೆ ಆರ್ಡರ್ ತಿಳಿಸಿದೆ. ಅವಳು ಅಂಗಡಿಯ ಬಾಗಿಲಿನಿಂದ ತಲೆ ಹೊರಗೆ ಹಾಕಿ, ಇಡೀ ಪಾರ್ಕಿಂಗಿಗೆ ಕೇಳುವ ಹಾಗೆ ಕೂಗಿದಳು.

"ಯಾವ ಬಣ್ಣ ಅಂತ ಕೇಳಿ ಮಾರಾಯ್ರೆ!"

ಕೇಳಿದೆ. ಗುಲಾಬಿ ಬೇಕಂತೆ.